ಇಟಲಿಯಲ್ಲಿ ಒಂದು ನಿಧಾನದ ವಾರ: ಯಾವ ಸೀಮೆಯನ್ನು ಆರಿಸಿಕೊಳ್ಳಬೇಕು?

ಇಟಲಿಗೆ ಒಂದು ವಾರದ ಮಟ್ಟಿಗೆ ಹೊರಡುವವರಲ್ಲಿ ಬಹುಪಾಲು ಜನ ರೋಮ್, ಫ್ಲಾರೆನ್ಸ್, ವೆನಿಸ್ ಮೂರನ್ನೂ ಒಂದೇ ಸಲ ನೋಡಿಬಿಡುವ ಯೋಜನೆ ಹಾಕುತ್ತಾರೆ. ನಕಾಶೆಯಲ್ಲಿ ಅದು ಸುಲಭವಾಗಿಯೇ ಕಾಣುತ್ತದೆ: ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ, ಅಲ್ಲಿಂದ ವೆನಿಸ್‌ಗೆ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ಆದರೆ ಹೋಟೆಲು ಬದಲಿಸುವ ದಿನ ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಕೋಣೆ ಬಿಡಬೇಕು, ಮುಂದಿನ ಊರಿನ ಕೋಣೆ ಸಿಗುವುದು ಮಧ್ಯಾಹ್ನ ಎರಡು ಮೂರರ ನಂತರ. ನಡುವಿನ ಹೊತ್ತು ಪೆಟ್ಟಿಗೆ ಕಾಯುವುದರಲ್ಲಿ ಕಳೆದುಹೋಗುತ್ತದೆ, ಮತ್ತು ಆ ಹೊತ್ತೇ ಇಟಲಿಯಲ್ಲಿ ಮಧ್ಯಾಹ್ನದ ಊಟದ ಹೊತ್ತು. ಊಟಕ್ಕಾಗಿಯೂ ವಿರಾಮಕ್ಕಾಗಿಯೂ ಹಣ ಖರ್ಚು ಮಾಡಿ ಹೋಗುವವರು ಮೊದಲು ಕಳೆದುಕೊಳ್ಳುವುದು ಅದನ್ನೇ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹೋಲಿಸುತ್ತಿರುವುದು ನಗರಗಳನ್ನಲ್ಲ, ಸೀಮೆಗಳನ್ನು. ಒಂದು ವಾರಕ್ಕೆ ಒಂದು ಸೀಮೆ, ಅದರೊಳಗೆ ಒಂದು ಅಥವಾ ಹೆಚ್ಚೆಂದರೆ ಎರಡು ಬೀಡು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಮಿಲಿಯಾ-ರೊಮಾನ್ಯಾ, ಟಸ್ಕನಿ, ಪೀಡ್‌ಮಾಂಟ್, ಕಂಪಾನಿಯಾ ಈ ನಾಲ್ಕರಲ್ಲಿ ಯಾವುದನ್ನು ಆರಿಸಿದರೂ ಉಣ್ಣುವುದಕ್ಕೂ ನೋಡುವುದಕ್ಕೂ ಏಳು ದಿನಕ್ಕೆ ಸಾಲುವಷ್ಟಿದೆ. ಆದರೆ ಇವು ಒಂದಕ್ಕೊಂದು ಬದಲಿಯಾಗಿ ನಿಲ್ಲುವಂಥವಲ್ಲ. ಅಡುಗೆ ಬೇರೆ, ಋತು ಬೇರೆ, ಓಡಾಟದ ಬಗೆಯೂ ಬೇರೆ.

ಮೊದಲು ತಿಂಗಳನ್ನು ನೋಡಿ

ರಜೆ ಯಾವ ತಿಂಗಳಲ್ಲಿ ಸಿಗುತ್ತದೆ ಎಂಬುದರಿಂದಲೇ ಅರ್ಧ ಆಯ್ಕೆ ಮುಗಿಯುತ್ತದೆ. ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗೆ ಮತ್ತು ಸೆಪ್ಟೆಂಬರ್‌ನಿಂದ ಅಕ್ಟೋಬರ್ ನಡುವಿನವರೆಗೆ ಇಡೀ ದೇಶ ಹಿತವಾಗಿರುತ್ತದೆ. ಆಗಸ್ಟ್ ತಿಂಗಳನ್ನು ಸಾಧ್ಯವಾದರೆ ಬಿಟ್ಟುಬಿಡಬೇಕು. 15ರ ಫೆರಾಗೊಸ್ತೊ ಹಬ್ಬದ ಹಿಂದುಮುಂದಿನ ವಾರಗಳಲ್ಲಿ ಬೊಲೊನ್ಯಾ, ಟ್ಯೂರಿನ್‌ನಂಥ ನಗರಗಳ ಮನೆತನದ ಊಟದಂಗಡಿಗಳು ಬಾಗಿಲು ಹಾಕಿ ಸಮುದ್ರದ ಕಡೆ ಹೊರಡುತ್ತವೆ. ಕಡಲ ತೀರದಲ್ಲಾದರೆ ಕೋಣೆಯ ಬಾಡಿಗೆಯೂ ಜನಜಂಗುಳಿಯೂ ವರ್ಷದ ತುತ್ತತುದಿಯಲ್ಲಿರುತ್ತವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಂಪಾನಿಯಾದ ಅಮಾಲ್ಫಿ ತೀರದ ಅನೇಕ ಹೋಟೆಲುಗಳು ಮುಚ್ಚಿರುತ್ತವೆ, ದೋಣಿ ಸಂಚಾರವೂ ಬಹುಮಟ್ಟಿಗೆ ನಿಂತಿರುತ್ತದೆ. ಅದೇ ನವೆಂಬರ್‌ನಲ್ಲಿ ಪೀಡ್‌ಮಾಂಟ್ ತನ್ನ ವೈಭವದ ತುದಿಯಲ್ಲಿರುತ್ತದೆ. ಚಳಿಗಾಲದಲ್ಲೇ ಹೋಗಬೇಕಾಗಿ ಬಂದವರಿಗೆ ಎಮಿಲಿಯಾವೇ ಸರಿ. ಅಲ್ಲಿಯ ಅಡುಗೆ ಹುಟ್ಟಿದ್ದೇ ಮಂಜು ಮುಸುಕಿದ ಬಯಲಿನ ಚಳಿಗೆ.

ಎಮಿಲಿಯಾ-ರೊಮಾನ್ಯಾ: ಊಟವೇ ಮುಖ್ಯವಾದವರಿಗೆ

ಪೋ ನದಿಯ ದಕ್ಷಿಣದ ಈ ಬಯಲುಸೀಮೆ ಪ್ರವಾಸಿಗರ ಪಟ್ಟಿಯಲ್ಲಿ ಸಾಮಾನ್ಯವಾಗಿ ಹಿಂದೆ ಬೀಳುತ್ತದೆ. ಆದರೆ ಜಗತ್ತು ಇಟಲಿಯ ಅಡುಗೆ ಎಂದು ಕೊಂಡಾಡುವ ವಸ್ತುಗಳಲ್ಲಿ ಎಷ್ಟೋ ಇಲ್ಲಿಯವೇ. ಪಾರ್ಮಿಜಾನೊ ರೆಜಾನೊ ಚೀಸು, ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆಯಾದ ಪಾರ್ಮಾದ ಪ್ರೊಶುಟ್ಟೊ, ಮೊಡೆನಾದ ಬಾಲ್ಸಾಮಿಕ್ ವಿನೆಗರ್, ಬೊಲೊನ್ಯಾದ ಮಾಂಸದ ಗೊಜ್ಜು ರಗೂ, ಹೂರಣ ತುಂಬಿದ ಪಾಸ್ತಾ ತೊರ್ತೆಲ್ಲೀನಿ ಇವೆಲ್ಲ ಒಂದೇ ರೈಲು ಮಾರ್ಗದ ಅಕ್ಕಪಕ್ಕದಲ್ಲಿ ತಯಾರಾಗುತ್ತವೆ. ಬೊಲೊನ್ಯಾದಲ್ಲಿ ಏಳೂ ರಾತ್ರಿ ಒಂದೇ ಕೋಣೆಯಲ್ಲಿದ್ದುಕೊಂಡು ಅರ್ಧ ಗಂಟೆಯೊಳಗೆ ಮೊಡೆನಾ, ಸುಮಾರು ಒಂದು ಗಂಟೆಯಲ್ಲಿ ಪಾರ್ಮಾ, ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿನಲ್ಲಿ ರವೆನ್ನಾ ತಲುಪಬಹುದು. ಕಾರು ಬೇಕಾಗುವುದು ಚೀಸಿನ ಕಾರ್ಖಾನೆಗೂ ವಿನೆಗರ್ ಮನೆಗಳಿಗೂ ಹೋಗುವ ದಿನ ಮಾತ್ರ.

ಆ ದಿನವನ್ನು ಮಾತ್ರ ಬಿಡಬಾರದು. ಚೀಸಿನ ಕೆಲಸ ನಡೆಯುವುದು ಬೆಳಗಿನ ಹೊತ್ತು, ಆದ್ದರಿಂದ ಎಂಟೂವರೆಯೊಳಗೆ ಅಲ್ಲಿರಬೇಕು. ಗಂಟೆಯನ್ನು ತಲೆಕೆಳಗಾಗಿ ಇಟ್ಟಂತಿರುವ ತಾಮ್ರದ ಆಳವಾದ ಹಂಡೆಗಳಲ್ಲಿ, ರಾತ್ರಿ ಕೆನೆ ಕಟ್ಟಲು ಬಿಟ್ಟು ಕೆನೆ ತೆಗೆದ ಹಾಲನ್ನೂ ಆ ಬೆಳಗಿನ ಹಸಿ ಹಾಲನ್ನೂ ಬೆರೆಸಿರುತ್ತಾರೆ. ಹೆಪ್ಪು ಬಿದ್ದ ಹಾಲನ್ನು ದೊಡ್ಡ ಕಡೆಗೋಲಿನಂಥ ಸಾಧನದಿಂದ ಅಕ್ಕಿ ಕಾಳಿನಷ್ಟು ಸಣ್ಣಗೆ ಒಡೆದು, 55 ಡಿಗ್ರಿಯವರೆಗೆ ಕಾಯಿಸುತ್ತಾರೆ. ಕಾಳುಗಳು ತಳಕ್ಕಿಳಿದು ಒಂದಕ್ಕೊಂದು ಅಂಟಿ ಗಟ್ಟಿಯಾದ ಮೇಲೆ, ಇಬ್ಬರು ಕೆಲಸಗಾರರು ಮರದ ಹುಟ್ಟಿನಿಂದ ಅದನ್ನು ಮೇಲೆತ್ತಿ, ನಾರಿನ ಬಟ್ಟೆಯಲ್ಲಿ ತೂಗುಹಾಕಿ, ಚಾಕುವಿನಿಂದ ಎರಡು ಸಮಭಾಗ ಮಾಡುತ್ತಾರೆ. ಪ್ರತಿ ಭಾಗವೂ ಒಂದೊಂದು ಚೀಸಿನ ಗಾಲಿಯಾಗುತ್ತದೆ. ಸುಮಾರು 40 ಕಿಲೋ ತೂಗುವ ಒಂದು ಗಾಲಿಗೆ 500 ಲೀಟರಿಗೂ ಹೆಚ್ಚು ಹಾಲು ಬೇಕು. ವಾರಗಟ್ಟಲೆ ಉಪ್ಪುನೀರಿನಲ್ಲಿ ಮುಳುಗಿಸಿ, ಕನಿಷ್ಠ 12 ತಿಂಗಳು ಹಲಗೆಯ ಮೇಲೆ ಮಾಗಿಸಿದ ಮೇಲೆ ಪರೀಕ್ಷಕರು ಬಂದು ಪುಟ್ಟ ಸುತ್ತಿಗೆಯಿಂದ ಪ್ರತಿ ಗಾಲಿಯನ್ನೂ ತಟ್ಟಿ ಸದ್ದು ಕೇಳುತ್ತಾರೆ. ಒಳಗೆ ಬಿರುಕಿದ್ದರೆ ಅದು ಕಿವಿಗೆ ಗೊತ್ತಾಗುತ್ತದೆ. ಭೇಟಿಯ ಕೊನೆಯಲ್ಲಿ 12, 24, 36 ತಿಂಗಳ ತುಂಡುಗಳನ್ನು ಸಾಲಾಗಿ ರುಚಿ ನೋಡಿದವರಿಗೆ ಮೊದಲನೆಯದರಲ್ಲಿ ಹಾಲಿನ ಸಿಹಿ, ಕೊನೆಯದರಲ್ಲಿ ಹಲ್ಲಿಗೆ ಸಿಕ್ಕುವ ಹರಳು ಮತ್ತು ನಾಲಗೆಯಲ್ಲಿ ಬಹಳ ಹೊತ್ತು ಉಳಿಯುವ ಖಾರದಂಥ ರುಚಿ ತಾನಾಗಿ ತಿಳಿಯುತ್ತದೆ. ಇದಕ್ಕೆ ಬೇಕಾದ ಹಸುಗಳನ್ನು ಸಾಕುವ ಕೊಟ್ಟಿಗೆಗಳಲ್ಲಿ ದುಡಿಯುವವರಲ್ಲಿ ಪಂಜಾಬಿನಿಂದ ಹೋಗಿ ನೆಲೆಸಿದ ಸಿಖ್ಖರು ಬಹಳ ಮಂದಿ ಇದ್ದಾರೆ ಎಂಬುದನ್ನು ಭಾರತದಿಂದ ಹೋದವರು ಗೌರವದಿಂದ ನೆನೆಯಬೇಕು.

ಬಾಲ್ಸಾಮಿಕ್ ವಿಷಯದಲ್ಲಿ ಒಂದು ಎಚ್ಚರ ಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ, ವೈನಿನ ವಿನೆಗರ್ ಬೆರೆಸಿದ ಅಗ್ಗದ ಬಾಟಲಿಗೂ ಮೊಡೆನಾದ ಸಾಂಪ್ರದಾಯಿಕ ಬಾಲ್ಸಾಮಿಕ್‌ಗೂ ಹೆಸರು ಮಾತ್ರ ಹತ್ತಿರ. ಸಾಂಪ್ರದಾಯಿಕವಾದದ್ದು ಕುದಿಸಿ ಇಂಗಿಸಿದ ದ್ರಾಕ್ಷಿ ರಸ ಮಾತ್ರ. ಮನೆಯ ಅಟ್ಟದಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿಟ್ಟ ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ, ಉತ್ತಮ ದರ್ಜೆಯದಾದರೆ 25 ವರ್ಷ ಮಾಗುತ್ತದೆ. ಅದನ್ನು ತುಂಬುವುದು 100 ಮಿಲಿಲೀಟರಿನ, ಎಲ್ಲ ತಯಾರಕರಿಗೂ ಒಂದೇ ಆಕಾರದ ಬಾಟಲಿಗೆ. ಈ ವಾರದಲ್ಲಿ ಮನೆಗೆ ತರಲು ಒಂದೇ ವಸ್ತುವಿಗೆ ಹಣ ಹಾಕುವುದಾದರೆ ಇದಕ್ಕೇ ಹಾಕಬಹುದು.

ನೋಡುವುದಕ್ಕೇನಿದೆ ಎಂದು ಕೇಳುವವರಿಗೆ ರವೆನ್ನಾ ಒಂದೇ ಸಾಕು. 547ರಲ್ಲಿ ಪ್ರತಿಷ್ಠಾಪನೆಗೊಂಡ ಸಾನ್ ವಿತಾಲೆ ಚರ್ಚಿನ ಗೋಡೆಗಳಲ್ಲಿ ಬೈಜಾಂಟಿಯಮ್ಮಿನ ಚಕ್ರವರ್ತಿ ಜಸ್ಟಿನಿಯನ್ ಮತ್ತು ಥಿಯೊಡೋರಾ ತಮ್ಮ ಪರಿವಾರದೊಡನೆ ಚಿನ್ನದ ಹಿನ್ನೆಲೆಯಲ್ಲಿ ನಿಂತಿದ್ದಾರೆ. ಗಾಜಿನ ಆ ಪುಟ್ಟ ತುಣುಕುಗಳ ಹೊಳಪು ಇಂದಿಗೂ ಮಾಸಿಲ್ಲ. ಬೊಲೊನ್ಯಾದ ಕಮಾನಿನ ಮೊಗಸಾಲೆಗಳು 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಊರಿನಿಂದ ಬೆಟ್ಟದ ಮೇಲಿನ ಸಾನ್ ಲೂಕಾ ಗುಡಿಗೆ 666 ಕಮಾನುಗಳಡಿ ನಡೆದೇ ಹೋಗಬಹುದು, ಮಳೆಯಿದ್ದರೂ ನೆನೆಯದೆ. ಅಸಿನೆಲ್ಲಿ ಗೋಪುರ ಹತ್ತುವ ಆಸೆ ಮಾತ್ರ ಸದ್ಯಕ್ಕೆ ಬೇಡ: ಪಕ್ಕದಲ್ಲಿ ವಾಲಿ ನಿಂತಿರುವ ಗರಿಸೆಂಡಾ ಗೋಪುರದ ಭದ್ರತೆಯ ಚಿಂತೆಯಿಂದ 2023ರ ಅಕ್ಟೋಬರ್‌ನಲ್ಲಿ ಅದನ್ನು ಮುಚ್ಚಲಾಯಿತು.

ಟಸ್ಕನಿ: ಮನೆ ಹಿಡಿದು ಕೂರುವವರಿಗೆ

ಟಸ್ಕನಿಯ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಹೇಳಬೇಕಾಗಿಲ್ಲ. ಇದರ ಬಲವಿರುವುದು ಎರಡು ಕಡೆ: ಫ್ಲಾರೆನ್ಸಿನ ಕಲೆ, ಮತ್ತು ಅದರ ದಕ್ಷಿಣಕ್ಕೆ ಕಿಯಾಂಟಿ ಹಾಗೂ ವಾಲ್ ದೊರ್ಚಾ ಗುಡ್ಡಗಳಲ್ಲಿ ಹರಡಿರುವ ಹಳೆಯ ತೋಟದ ಮನೆಗಳು. ಎಂಟು ಹತ್ತು ಜನರ ಕುಟುಂಬ ಅಥವಾ ಸ್ನೇಹಿತರ ಗುಂಪು ಹೋಗುವುದಾದರೆ, ಅಜ್ಜ ಅಜ್ಜಿ ಮೊಮ್ಮಕ್ಕಳೆಲ್ಲ ಇರುವುದಾದರೆ, ನಾಲ್ಕು ಸೀಮೆಗಳಲ್ಲಿ ಟಸ್ಕನಿಯೇ ಮೇಲು. ಈಜುಕೊಳ, ಆಲಿವ್ ತೋಟ, ದೊಡ್ಡ ಅಡುಗೆಮನೆಯಿರುವ ವಿಲ್ಲಾಗಳನ್ನು ಇಲ್ಲಿ ಬಹುತೇಕ ಶನಿವಾರದಿಂದ ಶನಿವಾರಕ್ಕೆ ಬಾಡಿಗೆಗೆ ಕೊಡುತ್ತಾರೆ. ವಿಮಾನದ ಟಿಕೆಟ್ ತೆಗೆಯುವ ಮೊದಲು ಇದನ್ನು ನೆನಪಿಡಬೇಕು. ಸ್ಥಳೀಯ ಅಡುಗೆಯವರನ್ನು ಮನೆಗೇ ಕರೆಸಿಕೊಂಡರೆ ಒಣಗಿದ ಹಳೆಯ ಬ್ರೆಡ್ಡು, ಬೀನ್ಸು, ಕಪ್ಪು ಎಲೆಕೋಸು ಹಾಕಿ ಮಾಡುವ ರಿಬೊಲ್ಲಿತಾ, ಟೊಮೆಟೊ ಬ್ರೆಡ್ಡಿನ ಪಾಪ್ಪಾ ಅಲ್ ಪೊಮೊದೊರೊ ಮುಂತಾದ ಮನೆಯ ಅಡುಗೆ ಮೇಜಿಗೆ ಬರುತ್ತದೆ. ಮಾಂಸಾಹಾರಿಗಳಿಗೆ ದನದ ಮಾಂಸದ ದಪ್ಪ ತುಂಡಾದ ಫ್ಲಾರೆನ್ಸಿನ ಬಿಸ್ತೆಕ್ಕಾ ಇದೆ. ಅದನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ, ಒಳಗೆ ಕೆಂಪಗಿರುವಂತೆಯೇ ಬೇಯಿಸುತ್ತಾರೆ, ಹೆಚ್ಚು ಬೇಯಿಸಿಕೊಡಿ ಎಂದರೆ ಒಪ್ಪುವುದಿಲ್ಲ.

ತೊಂದರೆಗಳೂ ಇಲ್ಲಿ ಹೆಚ್ಚು. ಉಫ್ಫೀತ್ಸಿ ಸಂಗ್ರಹಾಲಯಕ್ಕೂ, ಮಿಕೆಲಾಂಜೆಲೊನ ಡೇವಿಡ್ ಇರುವ ಅಕಾಡೆಮಿಯಾಕ್ಕೂ ಸಮಯ ನಿಗದಿಪಡಿಸಿದ ಟಿಕೆಟ್ಟನ್ನು ಬಹಳ ಮುಂಚೆಯೇ ತೆಗೆದಿರಬೇಕು. ಎರಡೂ ಸೋಮವಾರ ಮುಚ್ಚಿರುತ್ತವೆ. ಗುಡ್ಡಗಾಡಿನ ವಿಲ್ಲಾದಲ್ಲಿದ್ದರೆ ಕಾರಿಲ್ಲದೆ ಹಾಲೂ ಸಿಗುವುದಿಲ್ಲ. ಆದರೆ ಅದೇ ಕಾರಿನಲ್ಲಿ ಫ್ಲಾರೆನ್ಸ್ ಅಥವಾ ಸಿಯೆನಾದ ಹಳೆಯ ಊರಿನೊಳಗೆ ನುಗ್ಗಿದರೆ ಹೊರಗಿನ ವಾಹನಗಳಿಗೆ ನಿರ್ಬಂಧವಿರುವ ವಲಯದ ಕ್ಯಾಮೆರಾಗಳು ಸಂಖ್ಯೆ ಹಿಡಿಯುತ್ತವೆ, ಊರಿಗೆ ಮರಳಿದ ತಿಂಗಳುಗಳ ಮೇಲೆ ದಂಡದ ಕಾಗದ ಮನೆ ಬಾಗಿಲಿಗೆ ಬರುತ್ತದೆ. ಆ ವಲಯದ ಹೊರಗೆ ಕಾರು ನಿಲ್ಲಿಸಿ ಒಳಗೆ ನಡೆದು ಹೋಗುವುದೇ ಲೇಸು. ಜುಲೈ 2 ಮತ್ತು ಆಗಸ್ಟ್ 16ರಂದು ಸಿಯೆನಾದಲ್ಲಿ ಪಾಲಿಯೊ ಕುದುರೆ ಓಟ ನಡೆಯುತ್ತದೆ. ಅದನ್ನೇ ನೋಡಲು ಹೋಗುವವರನ್ನು ಬಿಟ್ಟು ಉಳಿದವರು ಆ ದಿನಗಳಲ್ಲಿ ಅತ್ತ ಸುಳಿಯದಿರುವುದು ಒಳ್ಳೆಯದು.

ಪೀಡ್‌ಮಾಂಟ್: ಅಕ್ಟೋಬರ್, ನವೆಂಬರ್ ಎಂದಾದರೆ ಮಾತ್ರ

ವಾಯವ್ಯ ಮೂಲೆಯ ಈ ಸೀಮೆಗೆ ಹೋಗಲು ಎರಡು ಕಾರಣಗಳಿವೆ, ಬಿಳಿ ಟ್ರಫಲ್ ಮತ್ತು ಬರೋಲೊ ವೈನ್. ಓಕ್, ಪಾಪ್ಲರ್ ಮರಗಳ ಬೇರಿನ ಬಳಿ ನೆಲದಡಿ ಹುಟ್ಟುವ ಈ ಟ್ರಫಲ್ ಅಣಬೆಯನ್ನು ತೋಟದಲ್ಲಿ ಬೆಳೆಯುವುದು ಬಹಳ ಕಷ್ಟ. ತರಬೇತಿ ಪಡೆದ ನಾಯಿ ಮೂಸಿ ತೋರಿಸಿದಲ್ಲಿ ಅಗೆದು ತೆಗೆಯಬೇಕು. ಆಲ್ಬಾ ಊರಿನ ಟ್ರಫಲ್ ಜಾತ್ರೆ ಶರತ್ಕಾಲದ ವಾರಾಂತ್ಯಗಳಲ್ಲಿ ನಡೆಯುತ್ತದೆ. ಬಿಳಿ ಟ್ರಫಲನ್ನು ಬೇಯಿಸುವಂತಿಲ್ಲ. ಬರಿಯ ಮೊಟ್ಟೆಯ ಹಳದಿಯಿಂದ ಕಲಸಿದ ಎಳೆಯಂಥ ತಾಯರಿನ್ ಪಾಸ್ತಾಕ್ಕೆ ಬೆಣ್ಣೆ ಹಚ್ಚಿ ಮೇಜಿಗೆ ತಂದಿಟ್ಟು, ಊಟ ಮಾಡುವವರ ಎದುರೇ ತೆಳುವಾಗಿ ಹೆರೆದು ಉದುರಿಸುತ್ತಾರೆ. ಹೆರೆದದ್ದನ್ನು ಗ್ರಾಂ ಲೆಕ್ಕದಲ್ಲಿ ಬಿಲ್ಲಿಗೆ ಸೇರಿಸುವುದರಿಂದ ದರವನ್ನು ಮೊದಲೇ ಕೇಳುವುದರಲ್ಲಿ ಸಂಕೋಚ ಪಡಬೇಕಾಗಿಲ್ಲ, ಅಲ್ಲಿಯವರೂ ಕೇಳಿಯೇ ಹೇಳುತ್ತಾರೆ.

ವೈನ್ ಕುಡಿಯದವರಿಗೆ ಪೀಡ್‌ಮಾಂಟಿನ ಅರ್ಧ ಸುಖ ತಪ್ಪುತ್ತದೆ ಎಂಬುದನ್ನು ಮುಚ್ಚಿಡಲಾರೆ. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಲಾಂಗೆಯ ದ್ರಾಕ್ಷಿ ಗುಡ್ಡಗಳಲ್ಲಿ ದಿನಚರಿಯೆಲ್ಲ ಒಂದು ನೆಲಮಾಳಿಗೆಯಿಂದ ಇನ್ನೊಂದಕ್ಕೆ ಹೋಗುವುದರ ಸುತ್ತ ಹೆಣೆದುಕೊಂಡಿರುತ್ತದೆ. ಆದರೂ ಟ್ಯೂರಿನ್‌ನಲ್ಲಿ ಎರಡು ರಾತ್ರಿ ಇಟ್ಟುಕೊಂಡರೆ, 1824ರಲ್ಲಿ ಸ್ಥಾಪನೆಯಾದ ಈಜಿಪ್ಟ್ ಸಂಗ್ರಹಾಲಯವೂ, ಕಾಫಿ, ಚಾಕೊಲೇಟು, ಕೆನೆ ಮೂರನ್ನೂ ಪದರಪದರವಾಗಿ ಗಾಜಿನ ಲೋಟಕ್ಕೆ ಹೊಯ್ದು ಕೊಡುವ ಬಿಚೆರಿನ್ನೂ ಎಲ್ಲರಿಗೂ ಒದಗುತ್ತವೆ. ನಿಧಾನವಾಗಿ ಉಣ್ಣುವ ವಿಚಾರವನ್ನೇ ಚಳವಳಿಯಾಗಿ ಕಟ್ಟಿದ ಕಾರ್ಲೊ ಪೆಟ್ರೀನಿಯವರ ಸ್ಲೋ ಫುಡ್ ಬೆಳೆದದ್ದು ಆಲ್ಬಾಕ್ಕೆ ಹತ್ತಿರದ ಬ್ರಾ ಎಂಬ ಊರಿನಲ್ಲಿ.

ಕಂಪಾನಿಯಾ: ಸಮುದ್ರ, ಇತಿಹಾಸ, ಮತ್ತು ಸಸ್ಯಾಹಾರಿಗಳ ಊಟ

ನೇಪಲ್ಸ್‌ನಲ್ಲಿ ಮೂರು ರಾತ್ರಿ, ಅಮಾಲ್ಫಿ ತೀರದಲ್ಲಿ ನಾಲ್ಕು ರಾತ್ರಿ ಎಂಬ ಹಂಚಿಕೆ ಇಲ್ಲಿಗೆ ಸರಿಹೊಂದುತ್ತದೆ. ಬಹಳ ಜನ ನೇಪಲ್ಸ್ ಎಂದರೆ ಹೆದರಿ, ವಿಮಾನ ನಿಲ್ದಾಣದಿಂದ ನೇರವಾಗಿ ತೀರದ ಪೊಸಿತಾನೊಗೆ ಹೋಗಿಬಿಡುತ್ತಾರೆ. ಗದ್ದಲ ನಿಜ, ಆದರೆ ಊಟಕ್ಕಾಗಿ ಹೋಗುವವರು ಈ ನಗರವನ್ನು ಬಿಡುವುದು ಸರಿಯಲ್ಲ. ಇಲ್ಲಿಯ ಪಿಜ್ಜಾ ಕುಶಲಕರ್ಮಿಗಳ ಕಲೆಯನ್ನು ಯುನೆಸ್ಕೊ 2017ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಉರಿಯುವ ಸೌದೆಯ ಗೂಡಿನೊಳಗೆ ಅರವತ್ತು ತೊಂಬತ್ತು ಸೆಕೆಂಡುಗಳಲ್ಲಿ ಬೆಂದು ಬರುವ, ಅಂಚು ಉಬ್ಬಿ ನಡುವೆ ಮೆತ್ತಗಿರುವ ಆ ಪಿಜ್ಜಾವನ್ನು ಬೇರೆಲ್ಲಿಯೂ ಅದೇ ಹದದಲ್ಲಿ ನಿರೀಕ್ಷಿಸುವಂತಿಲ್ಲ. ಅದಕ್ಕೆ ದುಬಾರಿ ಹೋಟೆಲಿನ ಅಗತ್ಯವೂ ಇಲ್ಲ.

ಜ್ವಾಲಾಮುಖಿಯಡಿ ಹೂತುಹೋದ ರೋಮನ್ ಊರು ಪೊಂಪೇಯಿಗೆ ದಿನಕ್ಕೆ 20,000 ಜನರ ಮಿತಿಯನ್ನು 2024ರ ನವೆಂಬರ್‌ನಿಂದ ಹಾಕಲಾಗಿದೆ, ಟಿಕೆಟ್ಟಿನ ಮೇಲೆ ಹೆಸರಿರಬೇಕು. ಆದರೂ ಆ ಬಿಸಿಲಿನಲ್ಲಿ ಅಷ್ಟು ದೊಡ್ಡ ಊರನ್ನು ಸುತ್ತಲಾರದವರಿಗೆ, ವಿಶೇಷವಾಗಿ ಹಿರಿಯರಿಗೆ, ನಾನು ಹೆರ್ಕ್ಯುಲೇನಿಯಮ್ ಅನ್ನೇ ಸೂಚಿಸುತ್ತೇನೆ. ಕ್ರಿ.ಶ. 79ರ ಅದೇ ಜ್ವಾಲಾಮುಖಿಯಲ್ಲಿ ಹೂತುಹೋದ ಈ ಊರು ಚಿಕ್ಕದು, ಎರಡು ಗಂಟೆಯಲ್ಲಿ ನೋಡಬಹುದು, ಮತ್ತು ಇಲ್ಲಿ ಮೇಲ್ಮಹಡಿಗಳೂ ಕರಿಕಾಗಿ ಉಳಿದ ಮರದ ತೊಲೆಗಳೂ ಕಣ್ಣಿಗೆ ಬೀಳುತ್ತವೆ. ಒಂದು ದಿನವನ್ನು ದಕ್ಷಿಣದ ಪೇಸ್ಟಮ್‌ಗೆ ಮೀಸಲಿಡಬೇಕು. ಅಲ್ಲಿಯ ಮೂರು ಗ್ರೀಕ್ ದೇವಾಲಯಗಳು ಎರಡೂವರೆ ಸಾವಿರ ವರ್ಷಗಳ ಹಿಂದಿನವು. ಸುತ್ತಲಿನ ಬಯಲಿನಲ್ಲಿ ಎಮ್ಮೆ ಸಾಕುವ ಡೈರಿಗಳಿವೆ. ಹೆಪ್ಪು ಬಿದ್ದ ಹಾಲಿನ ಗಟ್ಟಿಯನ್ನು ಬಿಸಿ ನೀರಿನಲ್ಲಿ ಎಳೆದೆಳೆದು ಹಗ್ಗದಂತೆ ಮಾಡಿ, ಹೆಬ್ಬೆರಳು ತೋರುಬೆರಳಿನ ನಡುವೆ ಚಿವುಟಿ ಉಂಡೆ ಕಟ್ಟುವುದನ್ನು ಬೆಳಿಗ್ಗೆ ನೋಡಿ, ಅದೇ ಮೊಝರೆಲ್ಲಾವನ್ನು ಫ್ರಿಜ್ಜು ಕಾಣುವ ಮೊದಲೇ ತಿಂದರೆ, ಕತ್ತರಿಸಿದಾಗ ಹಾಲು ಜಿನುಗುವ ಆ ರುಚಿಯ ಮುಂದೆ ನಮ್ಮಲ್ಲಿ ಪೊಟ್ಟಣದಲ್ಲಿ ಬರುವುದು ಬೇರೆಯೇ ಪದಾರ್ಥ ಎನಿಸುತ್ತದೆ.

ತೀರದಲ್ಲಿ ಪೊಸಿತಾನೊ ಮತ್ತು ರವೆಲ್ಲೊ ಎರಡರ ನಡುವೆ ಆರಿಸಬೇಕಾದರೆ ವಿರಾಮಕ್ಕೆ ರವೆಲ್ಲೊ ಮೇಲು. ಪೊಸಿತಾನೊದ ಸೌಂದರ್ಯ ಪ್ರಶ್ನಾತೀತ, ಆದರೆ ಅದು ಮೆಟ್ಟಿಲುಗಳ ಊರು, ಹಗಲೆಲ್ಲ ಜನ ತುಂಬಿರುತ್ತಾರೆ. ಸಮುದ್ರಮಟ್ಟದಿಂದ ಸುಮಾರು 350 ಮೀಟರ್ ಎತ್ತರದ ರವೆಲ್ಲೊದಲ್ಲಿ ಸಂಜೆ ಗಾಳಿ ತಂಪು, ವಿಲ್ಲಾ ರೂಫೊಲೊ ಮತ್ತು ವಿಲ್ಲಾ ಚಿಂಬ್ರೋನೆಯ ತೋಟಗಳಿಂದ ಕೆಳಗಿನ ಕೊಲ್ಲಿ ಪೂರ್ತಿ ಕಾಣುತ್ತದೆ. ಬಂಡೆಯಂಚಿನ ರಸ್ತೆಯಲ್ಲಿ ಕಾರನ್ನು ತಾವೇ ಓಡಿಸಬಾರದು. ಚಾಲಕರಿರುವ ಕಾರು, ಸಮುದ್ರದ ಕಡೆ ಒಂದು ದಿನಕ್ಕೆ ಖಾಸಗಿ ದೋಣಿ, ಇವೆರಡಕ್ಕೆ ಕೊಟ್ಟ ಹಣ ಕೋಣೆಗೆ ಕೊಟ್ಟದ್ದಕ್ಕಿಂತ ಹೆಚ್ಚು ಸುಖ ಕೊಡುತ್ತದೆ.

ಸಿಸಿಲಿಯನ್ನು ಏಕೆ ಸೇರಿಸಲಿಲ್ಲ ಎಂದು ಕೇಳಬಹುದು. ಅದು ಒಂದು ವಾರಕ್ಕೆ ದೊಡ್ಡದು; ಹೋಗಲೇಬೇಕೆಂದರೆ ಪೂರ್ವದ ಕತಾನಿಯಾ, ಸಿರಾಕ್ಯೂಸ್, ನೋತೊ ಭಾಗಕ್ಕಷ್ಟೇ ಹೋಗಿ ಪಲೆರ್ಮೊವನ್ನು ಇನ್ನೊಂದು ಸಲಕ್ಕೆ ಬಿಡಬೇಕು.

ಸಸ್ಯಾಹಾರಿಗಳು ಆರಿಸುವಾಗ

ಕನ್ನಡ ಓದುಗರಲ್ಲಿ ಬಹಳ ಮಂದಿಗೆ ಇದೇ ನಿರ್ಣಾಯಕ ವಿಷಯವಾದೀತು. ಉತ್ತರದ ಎಮಿಲಿಯಾ ಮತ್ತು ಪೀಡ್‌ಮಾಂಟಿನಲ್ಲಿ ತಾಜಾ ಪಾಸ್ತಾವನ್ನು ಮೊಟ್ಟೆ ಹಾಕಿ ಕಲಸುತ್ತಾರೆ. ದಕ್ಷಿಣದಲ್ಲಿ ಪ್ರಚಲಿತವಾದ ಒಣ ಪಾಸ್ತಾ ಗಟ್ಟಿ ಗೋಧಿಯ ರವೆ ಮತ್ತು ನೀರಿನದು. ಮೊಟ್ಟೆ ತಿನ್ನದವರಿಗೆ ಈ ಒಂದೇ ವ್ಯತ್ಯಾಸ ಸೀಮೆಯನ್ನು ತೀರ್ಮಾನಿಸುತ್ತದೆ. ಪಾರ್ಮಿಜಾನೊ ಚೀಸಿಗೆ ಹಾಕುವ ಹೆಪ್ಪನ್ನು ಕರುವಿನ ಜಠರದಿಂದ ತೆಗೆಯುತ್ತಾರೆ, ನಿಯಮದ ಪ್ರಕಾರ ಅದಕ್ಕೆ ಪರ್ಯಾಯವಿಲ್ಲ. ಕಂಪಾನಿಯಾದ ಪ್ರಮಾಣಿತ ಎಮ್ಮೆ ಮೊಝರೆಲ್ಲಾಕ್ಕೂ ಕರುವಿನ ಹೆಪ್ಪೇ. ಇದನ್ನು ಒಪ್ಪದವರಿಗೆ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಆಲಿವ್ ಎಣ್ಣೆಯಷ್ಟೇ ಇರುವ, ಚೀಸಿಲ್ಲದ ಮರಿನಾರಾ ಪಿಜ್ಜಾ ನೇಪಲ್ಸ್‌ನಲ್ಲಿ ಎಲ್ಲೆಡೆ ಸಿಗುತ್ತದೆ, ಅದು ಊರಿನ ಹಳೆಯ ಪಿಜ್ಜಾಗಳಲ್ಲೊಂದು. ಮೊಟ್ಟೆ, ಚೀಸು ಎರಡಕ್ಕೂ ಅಡ್ಡಿಯಿಲ್ಲದವರಿಗೆ ಎಮಿಲಿಯಾದಲ್ಲಿಯೂ ರಿಕೊತ್ತಾ ಸೊಪ್ಪು ತುಂಬಿದ ಪಾರ್ಮಾದ ತೊರ್ತೆಲ್ಲಿ, ಕುಂಬಳಕಾಯಿ ತುಂಬಿದ ಫೆರಾರಾದ ಕಪ್ಪೆಲ್ಲಾಚ್ಚಿ ಇವೆ. ಎಲ್ಲಿಯೇ ಆಗಲಿ, ಸಾರು ಮಾಂಸದ್ದೇ ತರಕಾರಿಯದೇ, ಒಳಗೆ ಆಂಚೊವಿ ಮೀನು ಇದೆಯೇ ಎಂದು ಬಿಡಿಸಿ ಕೇಳಬೇಕು. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಸಾಲದು.

ಹಣ ಎಲ್ಲಿ ಹಾಕಬೇಕು

ನಾಲ್ಕರಲ್ಲಿ ಕೊಟ್ಟ ಹಣಕ್ಕೆ ಹೆಚ್ಚು ಸಿಗುವುದು ಎಮಿಲಿಯಾದಲ್ಲಿ, ಬೇಸಿಗೆಯಲ್ಲಿ ಕಡಿಮೆ ಸಿಗುವುದು ಅಮಾಲ್ಫಿಯಲ್ಲಿ. ಕಡಲ ತೀರದಲ್ಲಿ ನೋಟವಿರುವ ಕೋಣೆಗೆ ಹಣ ಕೊಡುವುದಕ್ಕೆ ಅರ್ಥವಿದೆ. ಬೊಲೊನ್ಯಾದಲ್ಲಿ ಬೇಕಾದದ್ದು ಹಳೆಯ ಊರಿನ ನಡುವೆ, ಮಾರುಕಟ್ಟೆಗೆ ನಡೆದು ಹೋಗುವಷ್ಟು ದೂರದ ಕೋಣೆ. ಹತ್ತು ಹನ್ನೆರಡು ಬಗೆ ಬಡಿಸುವ ದೊಡ್ಡ ರೆಸ್ಟೊರೆಂಟುಗಳನ್ನು ವಾರಕ್ಕೆ ಒಂದು, ಹೆಚ್ಚೆಂದರೆ ಎರಡಕ್ಕೆ ನಿಲ್ಲಿಸಿ, ಅದನ್ನೂ ರಾತ್ರಿಗಿಂತ ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ಉಂಡದ್ದು ಮೈಗೆ ಹಿಡಿಯುತ್ತದೆ. ಮೊಡೆನಾದ ಮಾಸ್ಸಿಮೊ ಬೊಟ್ಟೂರಾ ಅವರ ಓಸ್ತೆರಿಯಾ ಫ್ರಾಂಚೆಸ್ಕಾನಾ 2016 ಮತ್ತು 2018ರಲ್ಲಿ ಜಗತ್ತಿನ ಐವತ್ತು ಶ್ರೇಷ್ಠ ರೆಸ್ಟೊರೆಂಟುಗಳ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು; ಅಲ್ಲಿ ಮೇಜುಗಳೇ ಕೆಲವು, ಆದ್ದರಿಂದ ಮೇಜು ಸಿಕ್ಕ ದಿನದ ಸುತ್ತ ಪ್ರವಾಸವನ್ನು ಕಟ್ಟಬೇಕೇ ಹೊರತು ಪ್ರವಾಸ ಗೊತ್ತುಮಾಡಿ ಮೇಜು ಹುಡುಕಬಾರದು. ಬಿಲ್ಲಿನಲ್ಲಿ ಕಾಣುವ ಕೊಪೆರ್ತೊ ತಲೆಗಿಷ್ಟೆಂದು ಹಾಕುವ ಮಾಮೂಲಿ ಶುಲ್ಕ. ಅದರ ಮೇಲೆ ಅಮೆರಿಕದಲ್ಲಿಯಂತೆ ಶೇಕಡಾವಾರು ಟಿಪ್ಸ್ ಕೊಡಬೇಕಾಗಿಲ್ಲ.

ಹೀಗಿರುವಾಗ, ಇಬ್ಬರೇ ಹೋಗುವ, ಎಲ್ಲವನ್ನೂ ಉಣ್ಣುವ ದಂಪತಿಗಳಿಗೆ ನನ್ನ ಮೊದಲ ಸಲಹೆ ಎಮಿಲಿಯಾ. ಮೊಟ್ಟೆ ಮಾಂಸ ಮುಟ್ಟದ ಕುಟುಂಬಕ್ಕೆ ಮೇ ಅಥವಾ ಸೆಪ್ಟೆಂಬರಿನ ಕಂಪಾನಿಯಾ. ಮೂರು ತಲೆಮಾರು ಒಟ್ಟಿಗೆ ಹೊರಟರೆ ಟಸ್ಕನಿಯ ವಿಲ್ಲಾ. ಪೀಡ್‌ಮಾಂಟು ಎರಡನೆಯ ಸಲ ಇಟಲಿಗೆ ಹೋಗುವವರಿಗೆ.

ಸೀಮೆ ಗೊತ್ತಾದ ಮೇಲೆ ಕೆಲಸದ ಕ್ರಮ ಹೀಗಿರಲಿ: ಮೊದಲು ಊಟದ ಮೇಜು, ರದ್ದುಮಾಡಲು ಅವಕಾಶವಿರುವ ಕೋಣೆ, ಆಮೇಲೆ ಷೆಂಗೆನ್ ವೀಸಾ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಹಾಕಬಹುದು, ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವ ಪ್ರಯಾಣ ವಿಮೆ ಜೊತೆಗಿರಬೇಕು. ಸಂಗ್ರಹಾಲಯಗಳ ಟಿಕೆಟ್ಟು ಮತ್ತು ಚೀಸಿನ ಕಾರ್ಖಾನೆಯ ಬೆಳಗಿನ ಭೇಟಿಯನ್ನು ವೀಸಾ ಕೈಗೆ ಬಂದ ದಿನವೇ ಗೊತ್ತುಮಾಡಿಕೊಳ್ಳಿ. ಭಾನುವಾರ ರಾತ್ರಿ ಮತ್ತು ಸೋಮವಾರ ಅನೇಕ ಒಳ್ಳೆಯ ಊಟದಂಗಡಿಗಳು ರಜೆ ಇಟ್ಟುಕೊಳ್ಳುವುದರಿಂದ, ಆ ಎರಡು ಹೊತ್ತಿಗೆ ಎಲ್ಲಿ ಉಣ್ಣುವುದು ಎಂಬುದನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಬೇಕು.